ಹೂಮಳೆ ಬಿತ್ತಲ್ಲ, ಸಾಲದಾ?

ಎಂಡಿ, ಎಂಎಸ್ ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ಪಿಜಿ ಡಾಕ್ಟರುಗಳು ವಾರಕ್ಕೆ 74 ಗಂಟೆಗಿಂತ ಜಾಸ್ತಿ ದುಡಿಯಬಾರದಂತೆ. ದಿನಕ್ಕೆ ಏಳೆಂಟು ಗಂಟೆ ನಿದ್ದೆ ಮಾಡಬೇಕಂತೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಮಾಡಿದ ಶಿಫಾರಸು ಇದು. ಅದನ್ನು ಓದಲು ಆ ಡಾಕ್ಟರುಗಳಿಗೆ ಟೈಮ್ ಸಿಕ್ಕಿತೋ ಇಲ್ಲವೋ, 36 ಗಂಟೆಯ ಡ್ಯೂಟಿಯಲ್ಲಿದ್ದರಲ್ಲ! ರೆಸಿಡೆಂಟ್‌ಗಳಿಗೆ, ಅಂದರೆ ಇಂಥ ಡಾಕ್ಟರುಗಳಿಗೇ, ವಾರಕ್ಕೆ 48 ಗಂಟೆ ಸಾಕು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 32 ವರ್ಷದಲ್ಲಿ 48 ಹೋಗಿ 74 ಆಯಿತು. ಅಭಿವೃದ್ಧಿ ಅಂದರೆ ಇದಪ್ಪ.

ಅದೇ ಕಾರ್ಯಪಡೆಯ ಸಮೀಕ್ಷೆಯಲ್ಲಿ ಸುಮಾರು ಶೇ. 31ರಷ್ಟು ಪಿಜಿಗಳು ಸಾಯುವ ಯೋಚನೆ ಬಂದಿತ್ತು ಎಂದಿದ್ದಾರೆ. ಅದಕ್ಕೇನು, ಒತ್ತಡ ನಿರ್ವಹಣೆ ಶಿಬಿರ ಇದೆಯಲ್ಲ! ನೈಟ್ ಡ್ಯೂಟಿ ಮುಗಿಸಿದವರನ್ನೇ ಬೆಳಗ್ಗೆ ಕೂರಿಸಿ, ಕಣ್ಣು ಮುಚ್ಚಿ ಉಸಿರೆಳೆಯಿರಿ ಅನ್ನುವುದು. ನಾಲ್ಕು ಮಂದಿ ಗೊರಕೆ ಹೊಡೆದರೆ ಶಿಬಿರ ಯಶಸ್ವಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಗೌರವದಲ್ಲಿ ಮಾತ್ರ ನಾವು ಏನೂ ಕಡಿಮೆ ಮಾಡಿಲ್ಲ, ಬಿಡಿ. ಕೋವಿಡ್ ಬಂದಾಗ, ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಅಂತ 2020ರ ಮಾರ್ಚ್ 22ಕ್ಕೆ ತಟ್ಟೆ ಬಡಿದೆವು. ಮೇ 3ಕ್ಕೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂವು ಸುರಿದವು. ಪಿಪಿಇ ಕಿಟ್ ಸಿಗದೆ ಕೆಲವು ಕಡೆ ಡಾಕ್ಟರುಗಳು ರೇನ್‌ಕೋಟ್ ತೊಟ್ಟಿದ್ದರಲ್ಲ, ಅವರಿಗೊಂದು ಮಳೆ ಬೇಕಿತ್ತು ಅಲ್ವಾ? ಆ ಹೂವನ್ನೆಲ್ಲ ಗುಡಿಸಿದವರು ಯಾರು ಅನ್ನೋದೇ ನನ್ನ ಚಿಂತೆ. ಗ್ರೂಪ್ ಡಿ ಅಕ್ಕಂದಿರೇ ಇರಬೇಕು. ಹೂವಿನ ಸಂಗಡ ನಾಲ್ಕು ಜೊತೆ ಗ್ಲೌಸೂ ಉದುರಿಸಿದ್ದರೆ ಗುಡಿಸುವುದಕ್ಕಾದರೂ ಅನುಕೂಲವಾಗುತ್ತಿತ್ತು. ಜುಲೈನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಕೊಡಿ, ಸುರಕ್ಷಾ ಸಾಮಗ್ರಿ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತರು. ಮಾಸ್ಕು ಬೇಕಂದ್ರೆ ಮುಷ್ಕರ ಮಾಡಬೇಕು. ಹೂವು ಕೇಳದೇನೇ ಬರುತ್ತೆ.

ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂತು. ಕೋವಿಡ್‌ಗೆ ಎಷ್ಟು ಆರೋಗ್ಯ ಸಿಬ್ಬಂದಿ ಬಲಿಯಾದರು? ಆರೋಗ್ಯ ರಾಜ್ಯಗಳ ವಿಷಯ, ನಮ್ಮ ಹತ್ತಿರ ಲೆಕ್ಕ ಇಲ್ಲ ಅಂದಿತು ಕೇಂದ್ರ. ಆಮೇಲೆ ಭಾರತೀಯ ವೈದ್ಯಕೀಯ ಸಂಘವೇ 382 ವೈದ್ಯರ ಪಟ್ಟಿ ಹೊರಗಿಟ್ಟಿತು. ಅದು ಬರೀ ಡಾಕ್ಟರುಗಳ ಪಟ್ಟಿ. ನರ್ಸುಗಳು, ಆಂಬುಲೆನ್ಸ್ ಡ್ರೈವರುಗಳು, ಗುಡಿಸುವವರು ಅದರಲ್ಲಿಲ್ಲ.

ಸತ್ತವರನ್ನು ಎಣಿಸುವಷ್ಟೂ ವ್ಯವಧಾನ ಇಲ್ಲದವರು ಯಾರಿಗೋಸ್ಕರ ತಟ್ಟೆ ಬಡಿಯಲು ಹೇಳಿದಿರಿ ಸ್ವಾಮಿ? ಹೆಂಡತಿ ಮಕ್ಕಳು ಸರ್ಕಾರವೇ ಘೋಷಿಸಿದ್ದ 50 ಲಕ್ಷದ ವಿಮೆ ಕೇಳಲು ಹೋದರೆ, ತೀರಿಕೊಂಡವರು ಕೋವಿಡ್ ಡ್ಯೂಟಿಯಲ್ಲೇ ಇದ್ದರು ಅಂತ ಸರ್ಟಿಫಿಕೇಟ್ ತರಬೇಕಿತ್ತು. ತನ್ನ ಹತ್ತಿರ ಒಂದು ಪಟ್ಟಿಯೂ ಇಲ್ಲದ ಸರ್ಕಾರಕ್ಕೆ ಆ ಹೆಂಗಸಿನ ಕೈಯಿಂದ ದಾಖಲೆ ಬೇಕು.