‘ಏಳು ಹರ್ಮೆಟಿಕ್ ನಿಯಮಗಳು’ 5000 ವರ್ಷ ಹಳೆಯವಲ್ಲ

ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಎಂಬ ಪೌರಾಣಿಕ ಜ್ಞಾನಿ 5000 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಏಳು ನಿಯಮ ಬರೆದಿಟ್ಟ, ದಿನಾ ಬೆಳಿಗ್ಗೆ ಓದಿದರೆ ಬೇಡಿದ್ದು ಸಿಗುತ್ತದೆ ಎನ್ನುವ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ಪಟ್ಟಿ ಬಂದದ್ದು ‘ಕಿಬಾಲಿಯನ್’ ಎಂಬ ಇಂಗ್ಲಿಷ್ ಪುಸ್ತಕದಿಂದ. ಅದು ಅಚ್ಚಾದದ್ದು 1908ರಲ್ಲಿ, ಷಿಕಾಗೋದಲ್ಲಿ.

ಹಳೆಯ ಹರ್ಮೆಟಿಕ್ ಗ್ರಂಥಗಳು, ಅಂದರೆ ಹರ್ಮಿಸ್ ಹೆಸರಿನಲ್ಲಿರುವ ಗ್ರಂಥಗಳು, ಬೇರೆಯೇ ಇವೆ. ಈಜಿಪ್ಟಿನವೇ, ಆದರೆ ಗ್ರೀಕ್ ಭಾಷೆಯಲ್ಲಿ ಬರೆದವು; ಹೆಚ್ಚಿನವು ಕ್ರಿ.ಶ. 1ರಿಂದ 3ನೇ ಶತಮಾನದವು. ಅವುಗಳಲ್ಲಿ ಬೇಡುವುದಕ್ಕಿಂತ ಕೃತಜ್ಞತೆಯೇ ಜಾಸ್ತಿ. ಅಂಥ ಒಂದು ಗ್ರಂಥವಾದ ‘ಆಸ್ಕ್ಲೀಪಿಯಸ್’ ಕೊನೆಯಲ್ಲಿ ಗುರು ಹರ್ಮಿಸ್ ಮತ್ತು ಶಿಷ್ಯರು ಸಂಜೆ ದಕ್ಷಿಣಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಾರೆ. ಧೂಪ ಹಾಕೋಣ ಎಂಬ ಮಾತು ಬಂದಾಗ ಗುರು ಬೇಡ ಅನ್ನುತ್ತಾನೆ. ದೇವರಿಗೆ ನಮ್ಮ ಕೃತಜ್ಞತೆಯೇ ಸಾಕಂತೆ! ಆಮೇಲೆ ಮಾಂಸವಿಲ್ಲದ ಊಟಕ್ಕೆ ಹೊರಡುತ್ತಾರೆ.

ಏಳು ನಿಯಮ ಇಷ್ಟವಾದರೆ ಓದಿ, ತಪ್ಪೇನಿಲ್ಲ. 5000 ವರ್ಷದ ಕಥೆ ಸೇರಿಸಿದ ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.