ಸತ್ಯಾಂಶ: ಕೌನ್ಸೆಲಿಂಗ್‌ಗೆ ಫೋನ್ ಮಾಡಿದರೆ ಮಕ್ಕಳನ್ನು ಕಿತ್ಕೊಳ್ತಾರಾ?

‘ಆನ್‌ಲೈನ್ ಕೌನ್ಸೆಲಿಂಗ್ ತಗೊಂಡರೆ ಮಾನಸಿಕ ರೋಗಿ ಅಂತ ದಾಖಲಾಗುತ್ತೆ, ನಾಳೆ ಮಕ್ಕಳನ್ನೂ ಕಿತ್ಕೊಳ್ತಾರೆ.’ ಇಂಥ ಸಂದೇಶ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ಇದು ನಿಜವಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನೇ ನೋಡಿ. ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನವಾದರೂ, ಅದೊಂದೇ ಕಾರಣಕ್ಕೆ ಯಾರನ್ನೂ ಬುದ್ಧಿ ಸ್ಥಿಮಿತದಲ್ಲಿಲ್ಲದವರು ಎನ್ನುವಂತಿಲ್ಲ. ಅದನ್ನು ಕೋರ್ಟೇ ಹೇಳಬೇಕು. ಹಾಗಿರುವಾಗ, ನಿದ್ದೆಗೆಟ್ಟು ಸಾಕಾಗಿ ಒಮ್ಮೆ ಮನಸ್ಸು ಬಿಚ್ಚಿ ಮಾತಾಡಿದ ತಾಯಿ ಹೆದರುವುದೇಕೆ? ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂದು ಸೆಕ್ಷನ್ 23 ಹೇಳುತ್ತದೆ. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಅಷ್ಟೇ ಅಲ್ಲ, ತಾಯಿ ಆಸ್ಪತ್ರೆಗೇ ಸೇರಿದರೂ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡಬಾರದು ಎಂದೂ ಇದೇ ಕಾಯ್ದೆಯಲ್ಲಿದೆ. ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ, ಅಲ್ವಾ?

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರು ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಹಟ, ಮರೆವಿನ ಕಾಯಿಲೆಯ ಮಾವನ ಆರೈಕೆ, ಗಂಡ-ಹೆಂಡಿರ ಜಗಳ, ಯಾವುದನ್ನಾದರೂ ಹೇಳಿಕೊಳ್ಳಿ. ಕಾಯಿಲೆಯೇ ಇರಬೇಕೆಂದಿಲ್ಲ.

ದುಡ್ಡು ಕೊಟ್ಟು ಖಾಸಗಿ ಆ್ಯಪ್‌ನಲ್ಲಿ ಮಾತಾಡುವಿರಾದರೆ ಎದುರಿಗಿರುವವರ ಓದು, ಅನುಭವ ಮೊದಲು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳಲು ಸಂಕೋಚ ಬೇಡ.