ಸೀಬೆಗೆ ಸರಿ, ಮಾವಿಗೆ ಬೇಡ

ಬೇಸಿಗೆಯಲ್ಲಿ ಎಲ್ಲ ಹಣ್ಣಿನ ಮರಗಳ ಕೊಂಬೆ ಸವರಬೇಕು ಅಂತ ಬರೆದಿದ್ದೀರಿ, ಸೀಬೆಗಾದರೆ ಸರಿ. ಅದು ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ಏಪ್ರಿಲ್-ಮೇನಲ್ಲಿ ತುದಿ ಕತ್ತರಿಸಿದರೆ ಚಳಿಗಾಲಕ್ಕೆ ಒಳ್ಳೆ ಫಸಲು. ಮಾವು ಹಾಗಲ್ಲ, ಬಲಿತ ರೆಂಬೆಯ ತುದಿಯಲ್ಲಿ ಹೂ ಬಿಡುವ ಮರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಕಾಯಿ ಇಳಿಸುವುದೇ ಮೇ-ಜೂನ್‌ನಲ್ಲಿ, ಕಾಯಿ ಹೊತ್ತ ಮರಕ್ಕೆ ಯಾರಾದರೂ ಕತ್ತರಿ ಹಾಕ್ತಾರಾ? ಕೊಯ್ಲು ಮುಗಿದ ಕೂಡಲೇ ಒಣಗಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆ, ನೆತ್ತಿಯ ಒಂದೆರಡು ರೆಂಬೆ ತೆಗೆದು ಒಳಗೆ ಬೆಳಕು ಬೀಳುವ ಹಾಗೆ ಮಾಡಿದರೆ ಸಾಕು, ಜಾಸ್ತಿ ಬೋಳಿಸಬೇಡಿ. ತಡವಾದರೆ ಚಿಗುರು ಬಲಿಯುವುದಿಲ್ಲ, ಡಿಸೆಂಬರ್-ಜನವರಿಯಲ್ಲಿ ಹೂ ಕಮ್ಮಿ. ದಪ್ಪ ಕೊಂಬೆ ಕೊಯ್ದ ಜಾಗಕ್ಕೆ ಶಿಲೀಂಧ್ರ ತಗಲದಂತೆ ಬೋರ್ಡೋ ಪೇಸ್ಟ್ ಬಳಿಯಿರಿ: 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ, ಕಬ್ಬಿಣದ್ದು ಬೇಡ.